ಎರಡು ಬಾಳೆಹಣ್ಣು ಅಂದರೆ ಎಷ್ಟು? ಐದು ಭಾನುವಾರದ ವಾಫಲ್ ಪ್ರಯೋಗ

ಅಟ್ಟದ ಮೇಲಿಂದ ದೀಪಾವಳಿ ಸಾಮಾನು ಇಳಿಸುವಾಗ ಒಂದು ಹಳೇ ಡಬ್ಬಿ ಕೈಗೆ ಸಿಕ್ಕಿತು. ಒಳಗೆ ವಾಫಲ್ ಮೇಕರ್. ನಮ್ಮ ಮದುವೆಗೆ ಯಾರೋ ಉಡುಗೊರೆ ಕೊಟ್ಟದ್ದು. ಎರಡೋ ಮೂರೋ ಸಲ ಬಳಸಿದ್ದೆವು, ಒಂದು ದಿನ ಬಿಸಿಯಾಗಲಿಲ್ಲ ಅಂತ ಮೇಲೆ ಎತ್ತಿಟ್ಟು ಮರೆತೇಬಿಟ್ಟಿದ್ದೆವು. ಗುಜರಿಗೆ ಹಾಕೋಣ ಅಂದುಕೊಳ್ಳುವಷ್ಟರಲ್ಲಿ ಮಗಳು ನೋಡಿಬಿಟ್ಟಳು. ಎಂಟು ವರ್ಷದವಳು, ಕಡ್ಡಿಗೆ ಚುಚ್ಚಿ ಮೇಲೆ ಚಾಕೊಲೇಟ್ ಸುರಿದು ಕೊಡುವ ಅಂಗಡಿ ವಾಫಲ್ ಅಂದರೆ ಪ್ರಾಣ. "ಅಪ್ಪಾ, ಇದು ಮನೇಲೇ ಇತ್ತಾ?" ಅಂದಳು. ಇಷ್ಟು ವರ್ಷ ನಾನು ಅಟ್ಟದಲ್ಲಿ ಚಿನ್ನ ಬಚ್ಚಿಟ್ಟಿದ್ದೆ ಅನ್ನುವ ಹಾಗಿತ್ತು ಆ ದನಿ.

ಸರಿ, ಮಾಡೋಣ ಅಂದೆ. ಆದರೆ ಷರತ್ತು ಹಾಕಿದೆ. ಮೈದಾ ಇಲ್ಲ. ಚಾಕೊಲೇಟ್ ಸಾಸ್ ಇಲ್ಲ. ಬೆಳಗ್ಗೆ ತಿಂದರೆ ಮಧ್ಯಾಹ್ನದವರೆಗೆ ಹೊಟ್ಟೆ ಹಿಡಿಯಬೇಕು. ಮೊಟ್ಟೆಯೂ ಇಲ್ಲ, ಯಾಕೆಂದರೆ ಅಮ್ಮ ನಮ್ಮ ಜೊತೆಗೇ ಇದ್ದಾರೆ, ಅವರು ಮೊಟ್ಟೆ ಮುಟ್ಟುವುದಿಲ್ಲ. ಸಿಹಿ ಆದಷ್ಟೂ ಬಾಳೆಹಣ್ಣಿನಿಂದಲೇ ಬರಬೇಕು.

ಮೊದಲು ಯಂತ್ರದ ಕಥೆ ಮುಗಿಸುತ್ತೇನೆ, ಅದು ಚಿಕ್ಕದು. ಪ್ಲಗ್ ಹಾಕಿದರೆ ಲೈಟೂ ಇಲ್ಲ, ಬಿಸಿಯೂ ಇಲ್ಲ. ಒಳಗಿನ ಬಿಸಿ ಮಾಡುವ ಕಾಯಿಲ್ (ತಂತಿ ಸುರುಳಿ) ಸುಟ್ಟುಹೋಗಿದೆ ಅಂದುಕೊಂಡು ತಳದ ನಾಲ್ಕು ಸ್ಕ್ರೂ ಬಿಚ್ಚಿದೆ. ಅದರ ಬದಲು ಮೊದಲೇ ವೈರು ಪರೀಕ್ಷೆ ಮಾಡಿದ್ದರೆ ಅರ್ಧ ಗಂಟೆ ಉಳಿಯುತ್ತಿತ್ತು. ಪ್ಲಗ್ ಕಿತ್ತಿಟ್ಟು ಮಲ್ಟಿಮೀಟರನ್ನು (ಕರೆಂಟು ಪರೀಕ್ಷಿಸುವ ಮೀಟರು) ವೈರು ತುಂಡಾಗಿಲ್ಲದಿದ್ದರೆ ಬೀಪ್ ಮಾಡುವ ಕಡೆ ತಿರುಗಿಸಿ, ಒಂದು ಕಡ್ಡಿ ಪ್ಲಗ್ಗಿನ ಪಿನ್ನಿಗೆ, ಇನ್ನೊಂದು ಒಳಗೆ ವೈರು ಬಂದು ಸೇರುವ ಜಾಗಕ್ಕೆ ಇಟ್ಟೆ. ನೀಲಿ ವೈರು ಬೀಪ್ ಅಂದಿತು. ಕಂದು ವೈರು ಸುಮ್ಮನಿತ್ತು. ಪ್ಲಗ್ಗಿನ ಬುಡದಲ್ಲಿ ಬಗ್ಗಿಸಿದರೆ ಒಮ್ಮೆ ಬೀಪ್, ಬಿಟ್ಟರೆ ಇಲ್ಲ. ಅಂದರೆ ವೈರು ಪ್ಲಗ್ಗಿನ ಹತ್ತಿರ, ಮೇಲಿನ ರಬ್ಬರಿನ ಒಳಗೇ ತುಂಡಾಗಿತ್ತು. ಎಳೆದು ಎಳೆದು ಪ್ಲಗ್ ತೆಗೆಯುವ ನಮ್ಮ ಚಾಳಿಯ ಫಲ. ಎರಡು ಇಂಚು ವೈರು ಕತ್ತರಿಸಿ ಹೊಸ ಮೂರು ಪಿನ್ನಿನ ಪ್ಲಗ್ ಹಾಕಿದೆ. ಯಂತ್ರ 750 ವ್ಯಾಟಿನದು, ನಮ್ಮ 230 ವೋಲ್ಟಿಗೆ ಮೂರೂಕಾಲು ಆಂಪಿಯರ್ ಎಳೆಯುತ್ತದೆ ಅಷ್ಟೇ, ಹಾಗಾಗಿ ಸಾಮಾನ್ಯ 6 ಆಂಪಿಯರ್ ಪ್ಲಗ್ ಸಾಕು. ಹಸಿರು ಹಳದಿ ಪಟ್ಟೆಯ ಅರ್ತ್ ವೈರನ್ನು ದಪ್ಪ ಪಿನ್ನಿಗೇ ಹಾಕಿ, ಆ ಪಿನ್ನಿಗೂ ಒಳಗಿನ ಲೋಹದ ಅಚ್ಚಿಗೂ ಬೀಪ್ ಬರುತ್ತದಾ ಅಂತ ಖಾತ್ರಿ ಮಾಡಿಕೊಂಡೆ. ಮಗು ಪಕ್ಕದಲ್ಲಿ ನಿಂತು ಮುಟ್ಟುವ ಸಾಮಾನು, ಇದನ್ನು ಬಿಡಬೇಡಿ. ಈ ಕೆಲಸ ಕೈಗೆ ಒಗ್ಗದಿದ್ದರೆ ಬೀದಿ ತುದಿಯ ಎಲೆಕ್ಟ್ರಿಕ್ ಅಂಗಡಿಯವರು ಹತ್ತು ನಿಮಿಷದಲ್ಲಿ ಮಾಡಿಕೊಡುತ್ತಾರೆ.

ಕೆಂಪು ದೀಪ ಹತ್ತಿತು. ಅಸಲಿ ತೊಂದರೆ ಅಲ್ಲಿಂದ ಶುರು.

ಮೊದಲನೇ ಭಾನುವಾರ. ಫೋನಿನಲ್ಲಿ ನೋಡಿದ ಒಂದು ಅಮೆರಿಕದ ಪಾಕವಿಧಾನ: ಎರಡು ಕಪ್ ಹಿಟ್ಟು, ಎರಡು ಮಾಗಿದ ಬಾಳೆಹಣ್ಣು, ಹಾಲು, ಬೆಣ್ಣೆ, ಬೇಕಿಂಗ್ ಪೌಡರ್. ಮನೆಯಲ್ಲಿದ್ದದ್ದು ಏಲಕ್ಕಿ ಬಾಳೆ. ಎರಡು ಸುಲಿದು ಕಿವುಚಿ ಹಾಕಿದೆ. ಗೋಧಿ ಹಿಟ್ಟು ಅದನ್ನೂ ಹಾಲನ್ನೂ ಕುಡಿದು ಚಪಾತಿ ಹಿಟ್ಟಿನ ತಮ್ಮನ ಹಾಗೆ ಕೂತಿತು. ಇನ್ನೊಂದಿಷ್ಟು ಹಾಲು ಸುರಿದೆ. ಬಂದ ವಾಫಲ್ಲು ರಟ್ಟು. ಬಾಳೆಹಣ್ಣಿನ ರುಚಿ ಹುಡುಕಿದರೂ ಸಿಗಲಿಲ್ಲ. ಮಗಳು ಒಂದು ತುತ್ತು ತಿಂದು, ನನ್ನ ಮುಖ ನೋಡಿ, "ಚೆನ್ನಾಗಿದೆ ಅಪ್ಪ" ಅಂದು ಉಪ್ಪಿಟ್ಟು ಕೇಳಿದಳು.

ಎರಡನೇ ಭಾನುವಾರ ಸೇಡು ತೀರಿಸಿಕೊಳ್ಳುವವನ ಹಾಗೆ ದೇವರಾಜ ಮಾರುಕಟ್ಟೆಗೆ ಹೋಗಿ ಪಚ್ಚಬಾಳೆ ತಂದೆ. ಸಿಪ್ಪೆ ಪೂರ್ತಿ ಕಪ್ಪಾಗಿ ಮೆತ್ತಗಾಗಿದ್ದವು. "ಇವು ಹಲ್ವಕ್ಕೆ ಸರಿ ಸಾರ್" ಅಂತ ಹಣ್ಣಿನವನು ಅರ್ಧ ಬೆಲೆಗೆ ಕೊಟ್ಟ. ಹೋದ ಸಲ ಹಣ್ಣು ಕಡಿಮೆಯಾಗಿತ್ತಲ್ಲ ಅಂತ ಐದು ಹಣ್ಣು ಕಿವುಚಿ ಹಾಕಿದೆ, ಸಾಲದೆಂದು ಎರಡು ಚಮಚ ಬೆಲ್ಲವನ್ನೂ. ಘಮ್ ಅಂತ ಪರಿಮಳ ಬಂತು. ಐದು ನಿಮಿಷಕ್ಕೆ ಮುಚ್ಚಳ ಎತ್ತಿದರೆ ವಾಫಲ್ ಎರಡು ಹೋಳು: ಅರ್ಧ ಮೇಲಿನ ಅಚ್ಚಿಗೆ, ಅರ್ಧ ಕೆಳಗಿನದಕ್ಕೆ, ನಡುವೆ ಹಸಿ ಅಂಟು. ಹಣ್ಣಿನ ಸಕ್ಕರೆ ಅಂಚಿನಲ್ಲಿ ಕರಟಿ ಕಪ್ಪಾಗಿತ್ತು.

ಅಚ್ಚಿನ ಸಂದಿಯಿಂದ ಅದನ್ನು ಕೀಳಲು ನಲವತ್ತು ನಿಮಿಷ ಬೇಕಾಯಿತು. ಸ್ಟೀಲ್ ಚಮಚ, ಸ್ಟೀಲ್ ನಾರು ಎರಡೂ ಮುಟ್ಟಿಸುವ ಹಾಗಿಲ್ಲ, ಅಂಟದ ಲೇಪ ಎದ್ದು ಹೋಗುತ್ತದೆ. ಪ್ಲಗ್ ತೆಗೆದು, ಉಗುರು ಬೆಚ್ಚಗಿರುವಾಗಲೇ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಅಚ್ಚಿನ ಮೇಲೆ ಹಾಸಿ ಮುಚ್ಚಿ ಹತ್ತು ನಿಮಿಷ ಬಿಟ್ಟೆ. ಆಮೇಲೆ ಹಳೇ ಹಲ್ಲುಜ್ಜುವ ಬ್ರಷ್ಷು. ಉಜ್ಜುತ್ತಾ ಕೂತಾಗ ಬಿಲ್ ಬೋವರ್‌ಮನ್ ನೆನಪಾದರು. ಅಮೆರಿಕದ ಒರೆಗಾನಿನ ಓಟದ ಕೋಚ್, ನೈಕಿ ಕಂಪನಿ ಕಟ್ಟಿದವರಲ್ಲಿ ಒಬ್ಬರು. 1971ರಲ್ಲಿ ಶೂ ತಳಕ್ಕೆ ಹೊಸ ವಿನ್ಯಾಸ ಬೇಕೆಂದು ಹೆಂಡತಿಯ ವಾಫಲ್ ಯಂತ್ರಕ್ಕೇ ರಬ್ಬರಿನಂಥ ಯುರೇಥೇನ್ ಸುರಿದರು, ಯಂತ್ರ ಅಂಟಿಕೊಂಡು ಹಾಳಾಯಿತು. ಅವರಿಗೆ ಕೊನೆಗೆ ಶೂ ಆದರೂ ಸಿಕ್ಕಿತು. ನನಗೆ ಸಿಕ್ಕಿದ್ದು ಹೆಂಡತಿಯ ಒಂದು ನೋಟ, ಮತ್ತು "ರೀ, ಇಡ್ಲಿ ಹಿಟ್ಟು ಫ್ರಿಜ್ಜಲ್ಲಿದೆ" ಅನ್ನುವ ಒಂದು ಮಾತು.

ಅಮ್ಮ ಇದನ್ನೆಲ್ಲ ಊಟದ ಮೇಜಿನ ಪಕ್ಕ ಕೂತು ನೋಡುತ್ತಿದ್ದರು. ಅವರ ತವರು ಉಡುಪಿ ಕಡೆ. "ಎಂತ ಮಾರಾಯ ಇದು, ಬನ್ಸಿನ ಹಿಟ್ಟನ್ನು ಇಸ್ತ್ರಿಪೆಟ್ಟಿಗೆಗೆ ಹಾಕಿದ ಹಾಗೆ!" ಅಂದರು. ನಾನೂ ನಕ್ಕೆ. ಆಮೇಲೆ ಯೋಚಿಸಿದರೆ ಅಮ್ಮ ಹೇಳಿದ್ದು ಸರಿ. ಮಂಗಳೂರು ಬನ್ಸಿಗೂ ಇದಕ್ಕೂ ಸಾಮಾನು ಹೆಚ್ಚುಕಡಿಮೆ ಒಂದೇ: ಕಳಿತ ಬಾಳೆಹಣ್ಣು, ಮೊಸರು, ಹಿಟ್ಟು, ಚಿಟಿಕೆ ಸೋಡ. ಅದು ಎಣ್ಣೆಯಲ್ಲಿ ಉಬ್ಬುತ್ತದೆ, ಇದು ಅಚ್ಚಿನಲ್ಲಿ.

"ನೀವು ಬನ್ಸಿಗೆ ಎಷ್ಟು ಹಣ್ಣು ಹಾಕ್ತೀರಿ ಅಮ್ಮ?"

"ಎಷ್ಟಿದೆಯೋ ಅಷ್ಟು. ಹಣ್ಣು ಹಿಡಿಯುವಷ್ಟು ಹಿಟ್ಟು ಹಾಕಬೇಕು."

ನನ್ನ ತಪ್ಪು ಅಲ್ಲೇ ಇತ್ತು. ಅಮ್ಮ ಹಣ್ಣಿನಿಂದ ಶುರುಮಾಡಿ ಹಿಟ್ಟಿಗೆ ಹೋಗುತ್ತಾರೆ. ನಾನು ಹಿಟ್ಟು ಅಳೆದಿಟ್ಟು ಹಣ್ಣನ್ನು ಎಣಿಸುತ್ತಿದ್ದೆ. ಅಮೆರಿಕದಲ್ಲಿ ಬಾಳೆಹಣ್ಣು ಅಂದರೆ ಅಂಗಡಿಯಲ್ಲಿ ಸಿಗುವುದು ಬಹುಪಾಲು ಒಂದೇ ಜಾತಿ, ಕ್ಯಾವೆಂಡಿಶ್, ನಮ್ಮ ಪಚ್ಚಬಾಳೆಯ ಬಳಗದ್ದು. ಅಲ್ಲಿ "ಎರಡು ಹಣ್ಣು" ಅಂದರೆ ಎಲ್ಲರಿಗೂ ಗೊತ್ತು ಎಷ್ಟು ಅಂತ. ಇಲ್ಲಿ ಎರಡು ಅಂದರೆ ಯಾವುದು ಎರಡು? ಏಲಕ್ಕಿಯಾ, ಪಚ್ಚಬಾಳೆಯಾ, ನೇಂದ್ರವಾ? ಅಡುಗೆಮನೆ ತಕ್ಕಡಿ ತಂದು ತೂಗಿದೆ. ನಮ್ಮ ಮನೆಯ ಎರಡು ಏಲಕ್ಕಿ ಬಾಳೆ, ಸಿಪ್ಪೆ ತೆಗೆದ ಮೇಲೆ, 85 ಗ್ರಾಂ. ಎರಡು ಪಚ್ಚಬಾಳೆ 230 ಗ್ರಾಂ ಹತ್ತಿರ. ಬಾಳೆಹಣ್ಣಿನಲ್ಲಿ ನೂರಕ್ಕೆ ಎಪ್ಪತ್ತೈದು ಪಾಲು ನೀರೇ. ಅಂದರೆ ಮೊದಲನೇ ಸಲ ಹಣ್ಣಿನ ಜೊತೆಗೆ ನೂರು ಗ್ರಾಂಗಿಂತ ಜಾಸ್ತಿ ನೀರೂ ಬಿಟ್ಟುಹೋಗಿತ್ತು, ಎರಡನೇ ಸಲ ನೀರು, ಸಕ್ಕರೆ ಎರಡೂ ಮಿತಿಮೀರಿದ್ದವು.

ಯಾವ ಹಣ್ಣು ಅನ್ನುವುದರ ಬಗ್ಗೆ ಎರಡು ಮಾತು. ನಂಜನಗೂಡು ರಸಬಾಳೆ ಸಿಕ್ಕರೆ ದಯವಿಟ್ಟು ಕಿವುಚಬೇಡಿ. ಊರಿನ ಹೆಸರಿಗೇ ಸಿಗುವ ಜಿಐ (ಭೌಗೋಳಿಕ ಸೂಚಕ) ಗುರುತು ಇರುವ ಹಣ್ಣು, ಪನಾಮಾ ಸೊರಗು ರೋಗ ಬಿದ್ದು ಬೆಳೆಯುವವರೇ ಕಡಿಮೆಯಾದ ಹಣ್ಣು, ಅದನ್ನು ಹಿಟ್ಟಿನಲ್ಲಿ ಕಲಸಿದರೆ ಪಾಪ ಬರುತ್ತದೆ. ಹಾಗೇ ತಿನ್ನಿ. ವಾಫಲ್ಲಿಗೆ ನನ್ನ ಆಯ್ಕೆ ಪಚ್ಚಬಾಳೆ, ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಚೆನ್ನಾಗಿ ಬಿದ್ದಿರಬೇಕು, ಆದರೆ ಒಳಗೆ ನೀರೊಡೆದಿರಬಾರದು. ಕಾಯಿಯಾಗಿದ್ದಾಗ ಅದರಲ್ಲಿ ನೂರಕ್ಕೆ ಇಪ್ಪತ್ತು ಪಾಲು ಪಿಷ್ಟ ಇರುತ್ತದೆ, ಮಾಗುತ್ತಾ ಬಹುತೇಕ ಎಲ್ಲವೂ ಸಕ್ಕರೆಯಾಗುತ್ತದೆ. ಅರೆಗಾಯಿ ಹಾಕಿದರೆ ಬೆಲ್ಲ ಸುರಿಯಬೇಕಾಗುತ್ತದೆ, ಹಾಗಾದರೆ ಬಾಳೆಹಣ್ಣು ಯಾಕೆ ಅಲ್ವಾ? ಏಲಕ್ಕಿ ಬಾಳೆಯೂ ನಡೆಯುತ್ತದೆ, ರುಚಿ ಇನ್ನೂ ಚೆಂದ, ತುಸು ಹುಳಿ ಇರುವುದರಿಂದ. ಎಣಿಸಬೇಡಿ, ತೂಗಿ.

ಮೂರನೇ ಭಾನುವಾರ 150 ಗ್ರಾಂ ಹಣ್ಣಿಗೆ 180 ಗ್ರಾಂ ಹಿಟ್ಟು. ಅಂಟಲಿಲ್ಲ, ಹರಿಯಲಿಲ್ಲ, ರುಚಿ ಬಂತು. ಆದರೆ ಗರಿಗರಿ ಇಲ್ಲ. ಅಚ್ಚಿನಿಂದ ತೆಗೆದಾಗ ಹೊರಗೆ ಗಟ್ಟಿ ಇತ್ತು, ಎಲ್ಲರಿಗೂ ಒಟ್ಟಿಗೆ ಬಡಿಸೋಣ ಅಂತ ಒಂದರ ಮೇಲೊಂದು ಹಾಟ್‌ಬಾಕ್ಸಿನಲ್ಲಿ ಇಟ್ಟೆ, ಹತ್ತು ನಿಮಿಷಕ್ಕೆ ಒದ್ದೆ ಚಾಪೆ. ಚಪಾತಿಗೆ ಯಾವುದು ಒಳ್ಳೆಯದೋ ಅದೇ ಇದಕ್ಕೆ ಶತ್ರು. ಒಳಗಿನ ಹಬೆ ಹೊರಬರಲು ದಾರಿಯಿಲ್ಲದೆ ಮತ್ತೆ ವಾಫಲ್ಲಿನ ಹೊರಪದರಕ್ಕೇ ಇಳಿಯುತ್ತದೆ. ಅಂಗಡಿಗಳಲ್ಲಿ ತಂತಿ ಸ್ಟ್ಯಾಂಡ್ ಇಡುತ್ತಾರೆ. ನಮ್ಮಲ್ಲಿ ಹಪ್ಪಳ ಸುಡುವ ಜಾಲರಿ ಇದೆಯಲ್ಲ, ಅದನ್ನು ಎರಡು ಬಟ್ಟಲಿನ ಮೇಲೆ ಅಡ್ಡ ಇಟ್ಟೆ. ಕೆಳಗಿನಿಂದಲೂ ಗಾಳಿ ಆಡುತ್ತದೆ. ಈ ಒಂದು ಬದಲಾವಣೆಯಿಂದ ಆದಷ್ಟು ಲಾಭ ಬೇರೆ ಯಾವುದರಿಂದಲೂ ಆಗಲಿಲ್ಲ.

ಇನ್ನೊಂದು, ಯಂತ್ರದ ಹಸಿರು ದೀಪವನ್ನು ನಂಬಬೇಡಿ. ಅದು ಹೇಳುವುದು ಅಚ್ಚು ಬಿಸಿಯಾಗಿದೆ ಅಂತ, ವಾಫಲ್ ಬೆಂದಿದೆ ಅಂತಲ್ಲ. ನೋಡಬೇಕಾದದ್ದು ಪಕ್ಕದಿಂದ ಬರುವ ಹಬೆ. ಮೊದಲು ರೈಲಿನ ಹಾಗೆ ಬುಸುಗುಟ್ಟುತ್ತದೆ, ಆಮೇಲೆ ಸಣ್ಣದಾಗುತ್ತದೆ, ಕೊನೆಗೆ ಹೆಚ್ಚುಕಡಿಮೆ ನಿಲ್ಲುತ್ತದೆ. ಅಲ್ಲಿಯವರೆಗೆ ಮುಚ್ಚಳ ಎತ್ತಬಾರದು. ಎತ್ತುವಾಗ ಎಳೆದ ಹಾಗಾದರೆ ಬಿಟ್ಟುಬಿಡಿ, ಇನ್ನೊಂದು ನಿಮಿಷಕ್ಕೆ ಅದಾಗಿಯೇ ಬಿಡುತ್ತದೆ. ನನ್ನ ಯಂತ್ರದಲ್ಲಿ ಒಟ್ಟು ಆರರಿಂದ ಏಳು ನಿಮಿಷ ಬೇಕು.

ನಾಲ್ಕನೇ ಭಾನುವಾರ ಅತಿಬುದ್ಧಿ ಮಾಡಿದೆ. ಎರಡು ತಪ್ಪು ಒಟ್ಟಿಗೆ. ರಾಗಿಯಲ್ಲಿ ನೂರು ಗ್ರಾಂಗೆ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ, ಮಗುವಿಗೆ ಒಳ್ಳೆಯದು ಅಂತ ಅರ್ಧಕ್ಕರ್ಧ ರಾಗಿ ಹಿಟ್ಟು ಹಾಕಿದೆ. ರಾಗಿಗೆ ಗೋಧಿಯ ಜಿಗುಟು ಇಲ್ಲ, ಮೊಟ್ಟೆಯೂ ಇಲ್ಲದ ಮೇಲೆ ಹಿಡಿದಿಡುವುದು ಯಾರು? ಅಚ್ಚಿನಿಂದ ಎತ್ತಿದರೆ ಚೌಕ ಚೌಕವಾಗಿ ಉದುರಿತು. ಎರಡನೆಯದು, ಬನ್ಸಿನ ಹಿಟ್ಟನ್ನು ರಾತ್ರಿಯೇ ಸೋಡ ಹಾಕಿ ಕಲಸಿಡುತ್ತಾರಲ್ಲ, ಇದನ್ನೂ ಹಾಗೇ ಮಾಡೋಣ ಅಂತ ಹಣ್ಣು, ಮೊಸರು, ಅರ್ಧ ಚಮಚ ಸೋಡ ಎಲ್ಲ ಸೇರಿಸಿ ಇಟ್ಟೆ. ಬನ್ಸಿನದು ಗಟ್ಟಿ ಹಿಟ್ಟು, ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಮೇಲೆ ಕಾದ ಎಣ್ಣೆ ಬೇರೆ. ಇದು ತೆಳು ಹಿಟ್ಟು. ಸೋಡಕ್ಕೂ ಮೊಸರಿನ ಹುಳಿಗೂ ನಡೆಯುವ ಗುಳ್ಳೆಯಾಟ ರಾತ್ರಿಯೇ ಮುಗಿದುಹೋಗಿ ಬೆಳಗ್ಗೆ ಹಿಟ್ಟು ಸತ್ತಂತೆ ಮಲಗಿತ್ತು. ಕಿವುಚಿದ ಹಣ್ಣು ಕಪ್ಪಾಗಿತ್ತು. ಜಾಸ್ತಿಯಾದ ಸೋಡದಿಂದ ಬಾಯಲ್ಲಿ ಸಾಬೂನಿನ ಒಗರು. ಅವತ್ತು ಅಮ್ಮ ಏನೂ ಹೇಳಲಿಲ್ಲ. ಅದೇ ಜಾಸ್ತಿ ನೋವಾಯಿತು.

ಐದನೇ ಭಾನುವಾರ ಮಾಡಿದ್ದನ್ನು ಈಗ ವಾರಕ್ಕೊಮ್ಮೆ ಮಾಡುತ್ತಿದ್ದೇವೆ, ಹಾಗಾಗಿ ಅದನ್ನೇ ವಿವರವಾಗಿ ಬರೆಯುತ್ತೇನೆ. ರಾತ್ರಿ ಮಲಗುವ ಮುಂಚೆ 120 ಗ್ರಾಂ ಗೋಧಿ ಹಿಟ್ಟು, 40 ಗ್ರಾಂ ರಾಗಿ ಹಿಟ್ಟು, 20 ಗ್ರಾಂ ಅಕ್ಕಿ ಹಿಟ್ಟನ್ನು 150 ಗ್ರಾಂ ಮೊಸರು, 80 ಮಿಲಿಲೀಟರ್ ಹಾಲಿನಲ್ಲಿ ಗಂಟಿಲ್ಲದೆ ಕಲಸಿ ಫ್ರಿಜ್ಜಿಗೆ. ಹಣ್ಣೂ ಇಲ್ಲ, ಸೋಡವೂ ಇಲ್ಲ. ಗೋಧಿಯ ತೌಡು ರಾತ್ರಿಯೆಲ್ಲ ನೆನೆದು ಮೆತ್ತಗಾಗುತ್ತದೆ, ಬೆಳಗ್ಗೆ ಗಂಟಲಲ್ಲಿ ತಡೆಯುವುದಿಲ್ಲ. ಅಕ್ಕಿ ಹಿಟ್ಟು ಗರಿಗರಿಗೆ, ನೀರುದೋಸೆ ತಿನ್ನುವ ಮನೆಯಲ್ಲಿ ಹುಟ್ಟಿದವನಿಗೆ ರವೆದೋಸೆಯ ಅಂಚು ನೋಡಿಯೇ ಇದು ಹೊಳೆಯಬೇಕಿತ್ತು, ನಾಲ್ಕು ವಾರ ಬೇಕಾಯಿತು. ಮರೆತುಹೋದರೆ ಬೆಳಗ್ಗೆ ಕಲಸಿ ಇಪ್ಪತ್ತು ನಿಮಿಷ ಬಿಟ್ಟರೂ ಆಗುತ್ತದೆ, ಅಷ್ಟು ಚೆನ್ನಾಗಿರುವುದಿಲ್ಲ.

ಬೆಳಗ್ಗೆ ಹಿಟ್ಟನ್ನು ಫ್ರಿಜ್ಜಿನಿಂದ ತೆಗೆದಿಟ್ಟು ಮುಖ ತೊಳೆದು ಕಾಫಿ ಕುಡಿದು ಬಂದು, 150 ಗ್ರಾಂ ಹಣ್ಣನ್ನು ಫೋರ್ಕಿನಲ್ಲಿ ಕಿವುಚುತ್ತೇನೆ. ಮಿಕ್ಸಿ ಬೇಡ, ಅಲ್ಲಲ್ಲಿ ಸಣ್ಣ ಚೂರು ಸಿಕ್ಕರೆ ಅದು ಅಚ್ಚಿಗೆ ತಾಗಿ ಹುರಿದು ಕ್ಯಾರಮೆಲ್ ಥರ ಆಗುತ್ತದೆ. ಕರಗಿಸಿದ ತುಪ್ಪ 40 ಗ್ರಾಂ. ಕಡಿಮೆ ಮಾಡಲು ನೋಡಿದೆ, 20 ಗ್ರಾಂಗೆ ಇಳಿಸಿದರೆ ವಾಫಲ್ ಅಲ್ಲ, ಬ್ರೆಡ್ ಆಗುತ್ತದೆ. ಅರ್ಧ ಚಮಚ ಉಪ್ಪು, ಎರಡು ಏಲಕ್ಕಿ ಪುಡಿ, ಬೆಲ್ಲದ ಪುಡಿ ಒಂದು ಚಮಚ, ಹಣ್ಣು ಚೆನ್ನಾಗಿ ಕಳಿತಿದ್ದರೆ ಅದೂ ಬೇಡ. ಅಮ್ಮನ ಒತ್ತಾಯಕ್ಕೆ ಬನ್ಸಿಗೆ ಹಾಕುವ ಹಾಗೆ ಕಾಲು ಚಮಚ ಜೀರಿಗೆ. ಸಿಹಿ ವಾಫಲ್ಲಿಗೆ ಜೀರಿಗೆಯಾ ಅಂತ ಮೂಗು ಮುರಿದಿದ್ದೆ, ಈಗ ಜೀರಿಗೆ ಇಲ್ಲದಿದ್ದರೆ ಏನೋ ಬಿಟ್ಟುಹೋದ ಹಾಗೆ ಅನ್ನಿಸುತ್ತದೆ. ಎಲ್ಲ ಸೇರಿಸಿ, ಕಟ್ಟಕಡೆಗೆ, ಯಂತ್ರ ಬಿಸಿಯಾದ ಮೇಲೆ, ಒಂದೂವರೆ ಚಮಚ ಬೇಕಿಂಗ್ ಪೌಡರ್, ಕಾಲು ಚಮಚ ಅಡುಗೆ ಸೋಡ. ಚಮಚ ಅಂದರೆ ಇಲ್ಲೆಲ್ಲ 5 ಮಿಲಿಲೀಟರಿನ ಅಳತೆ ಚಮಚ. ನಿಧಾನಕ್ಕೆ ನಾಲ್ಕು ಸಲ ತಿರುವಿ ಬಿಟ್ಟುಬಿಡಿ. ಜೋರಾಗಿ ಕಡೆದರೆ ಗೋಧಿಯ ಜಿಗುಟು ಎದ್ದು ಚರ್ಮದ ಹಾಗೆ ಬರುತ್ತದೆ.

ಹದ ಇಡ್ಲಿ ಹಿಟ್ಟಿನದು, ದೋಸೆ ಹಿಟ್ಟಿನದಲ್ಲ. ಸೌಟು ಬಗ್ಗಿಸಿದರೆ ಧಪ್ ಅಂತ ಬೀಳಬೇಕು, ಹರಿಯಬಾರದು. ಗೋಧಿ ಹಿಟ್ಟು ಗಿರಣಿಯಿಂದ ಗಿರಣಿಗೆ ಬೇರೆ ಥರ ನೀರು ಕುಡಿಯುತ್ತದೆ, ಹಾಗಾಗಿ ಗಟ್ಟಿ ಅನ್ನಿಸಿದರೆ ಎರಡು ಚಮಚ ಹಾಲು. ಅಚ್ಚಿಗೆ ಸವರಲು ತುಪ್ಪ ಬೇಡ, ಅದರಲ್ಲಿ ಉಳಿದ ಹಾಲಿನಂಶ ಸೀದು ಕಂದು ಕಲೆ ಕಟ್ಟುತ್ತದೆ. ಬ್ರಷ್ಷಿನಲ್ಲಿ ಒಂದು ಹನಿ ಅಡುಗೆ ಎಣ್ಣೆ ಸಾಕು. ಒಂದೊಂದು ಚೌಕಕ್ಕೆ 75 ಗ್ರಾಂ ಹಿಟ್ಟು, ನಮ್ಮ ಮನೆಯ ಸಾರಿನ ಸೌಟಿನಲ್ಲಿ ಒಂದು. ನಡುವೆ ಹಾಕಿ, ಅಂಚಿಗೆ ತಾನೇ ಹೋಗುತ್ತದೆ. ತುಂಬ ಹಾಕಿದರೆ ಪಕ್ಕದಿಂದ ಉಕ್ಕಿ ಕಟ್ಟೆಯ ಮೇಲೆಲ್ಲ.

ಈ ಅಳತೆಗೆ ಎಂಟು ಬರುತ್ತವೆ, ಒಂದು ಸಲಕ್ಕೆ ಎರಡು. ಯಂತ್ರ ಬಿಸಿಯಾಗುವುದೂ ಸೇರಿ ಅರ್ಧ ಗಂಟೆ, ಕರೆಂಟು ಅರ್ಧ ಯೂನಿಟ್ಟೂ ಆಗುವುದಿಲ್ಲ. ಮೇಪಲ್ ಸಿರಪ್ಪಿನ ಜಾಗಕ್ಕೆ ಮಲೆನಾಡಿನ ಜೋನಿಬೆಲ್ಲ. ನೆಂಟರೊಬ್ಬರು ಶಿರಸಿಯಿಂದ ತಂದುಕೊಟ್ಟಿದ್ದರು, ಆ ಕಪ್ಪು ದ್ರವ ಅಚ್ಚಿನ ಗುಳಿಗಳಲ್ಲಿ ನಿಂತದ್ದು ನೋಡಿದರೆ ಗುಳಿಗಳನ್ನು ಮಾಡಿದ್ದೇ ಜೋನಿಬೆಲ್ಲಕ್ಕೆ ಅನ್ನಿಸುತ್ತದೆ. ಹೆಂಡತಿ ಮಾತ್ರ ಶೇಂಗಾ ಚಟ್ನಿಪುಡಿ, ಬೆಣ್ಣೆ ಹಚ್ಚಿ ತಿನ್ನುತ್ತಾಳೆ. ಅದೂ ಚೆನ್ನಾಗಿದೆ, ಆದರೆ ನಾನು ಒಪ್ಪಿಕೊಂಡಿಲ್ಲ.

ಇದು ಪಥ್ಯದ ಊಟ ಅಂತ ನಾನು ಹೇಳುವುದಿಲ್ಲ. ತುಪ್ಪ ಇದೆ, ಹಣ್ಣಿನದ್ದಾದರೂ ಸಕ್ಕರೆ ಸಕ್ಕರೆಯೇ. ಆದರೆ ಏಳೂವರೆಗೆ ಎರಡು ತಿಂದ ಮಗಳು ಹನ್ನೆರಡರವರೆಗೆ ಬಿಸ್ಕತ್ತಿನ ಡಬ್ಬಿ ಹತ್ತಿರ ಸುಳಿಯಲಿಲ್ಲ, ನನಗೆ ಅಷ್ಟು ಸಾಕು.

ಉಳಿದರೆ ಪೂರ್ತಿ ಆರಿಸಿ, ನಡುವೆ ಬೆಣ್ಣೆ ಕಾಗದ ಇಟ್ಟು ಫ್ರೀಜರಿಗೆ ಹಾಕಿ. ಶಾಲೆಯ ದಿನ ಬೆಳಗ್ಗೆ ಹಾಗೇ ತೆಗೆದು ಸಣ್ಣ ಉರಿಯಲ್ಲಿ ಕಾವಲಿಯ ಮೇಲೆ ಎರಡೂ ಕಡೆ ಎರಡೆರಡು ನಿಮಿಷ. ಮೈಕ್ರೋವೇವ್ ಬೇಡ, ರಬ್ಬರ್ ಆಗುತ್ತದೆ, ಬೋವರ್‌ಮನ್ ಸಾಹೇಬರಿಗೆ ಕಳಿಸಬೇಕಾಗುತ್ತದೆ.

ಬಾಕಿ ಇರುವ ಕೆಲಸ ಒಂದೇ. ಮುಚ್ಚಳದ ಕೀಲಿನ ಎಡಗಡೆ ಸ್ಕ್ರೂ ತಿರುಪು ಸವೆದಿದೆ, ಹಿಟ್ಟು ಉಬ್ಬಿದಾಗ ಆ ಕಡೆ ಮುಚ್ಚಳ ಎದ್ದು ವಾಫಲ್ ಒಂದು ಬದಿಗೆ ದಪ್ಪ ಬರುತ್ತಿದೆ. ಹೊಂದುವ ಅಳತೆಯದು ಇನ್ನೂ ಸಿಕ್ಕಿಲ್ಲ. ಸದ್ಯಕ್ಕೆ ಮೊದಲೆರಡು ನಿಮಿಷ ಹಿಡಿಯನ್ನು ಬಟ್ಟೆ ಸುತ್ತಿ ಒತ್ತಿ ಹಿಡಿಯುತ್ತೇನೆ. ದಪ್ಪ ಬಂದ ಬದಿ ನನಗೆ, ಗರಿಗರಿ ಬದಿ ಮಗಳಿಗೆ.